ಸೋತ ತಂಡಕ್ಕೆ ಚಳಿಗಾಲದಲ್ಲಿ ಏನು ಕೆಲಸ?

ಮೈದಾನದ ಮಾತು: ಓದುಗರ ಪ್ರಶ್ನೆಗಳಿಗೆ ತುಮಕೂರಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ, ಸೊಸೆ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದಾರೆ. ಭಾನುವಾರ ಫೋನ್ ಮಾಡಿದರೆ ತೋಟದ ವಿಚಾರ ಎರಡು ನಿಮಿಷ, ಆಮೇಲೆ ಇಬ್ಬರಿಗೂ ವೈಟ್ ಸಾಕ್ಸ್ ಅನ್ನೋ ಬೇಸ್‌ಬಾಲ್ ತಂಡದ ಮೇಲೆ ಜಟಾಪಟಿ. ತಂಡ ಮೂರು ವರ್ಷದಿಂದ ಬರೀ ಸೋಲ್ತಿದೆಯಂತೆ. ಚೆಂಡೆಸೆಯೋ ಒಬ್ಬ ಒಳ್ಳೇ ಪಿಚರ್ ಇದ್ದ, ಅವನನ್ನೂ ಮಾರಿಬಿಟ್ಟರಂತೆ. ಮಗ ‘ಕಾಯಬೇಕು’ ಅಂತಾನೆ. ಸೊಸೆ ‘ಮಾಲೀಕ ದುಡ್ಡು ಬಿಚ್ಚಲ್ಲ, ನಮ್ಮನ್ನ ಏಮಾರಿಸ್ತಿದಾನೆ’ ಅಂತಾಳೆ. ಒಂಬತ್ತು ವರ್ಷದ ಮೊಮ್ಮಗ ಆ ತಂಡದ ಟೋಪಿ ಹಾಕ್ಕೊಂಡು ಅತ್ತಿದಾನೆ. ಇಬ್ಬರಲ್ಲಿ ಯಾರದು ಸರಿ? ಆಟವೇ ಇಲ್ಲದ ಚಳಿಗಾಲದಲ್ಲಿ ಇಷ್ಟು ಜಗಳ ಯಾಕೆ?
– ತೆಂಗು ಬೆಳೆಗಾರ, ನೊಣವಿನಕೆರೆ

ಉತ್ತರ: ನಿಮ್ಮ ಮೊಮ್ಮಗ ಹಾಕಿಕೊಳ್ಳುವ ಆ ಕಪ್ಪು ಟೋಪಿ ಕ್ಯಾತ್ಸಂದ್ರದ ನನ್ನ ಮನೆಯ ಗೂಟದಲ್ಲೂ ಇದೆ. 2024ರಲ್ಲಿ ಮಗಳ ಮನೆಗೆಂದು ಶಿಕಾಗೊಗೆ ಹೋದವನು ಯುಗಾದಿ ಕಳೆದ ಮೇಲಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲೇ ಇದ್ದೆ. 1900ರಿಂದೀಚೆಗೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಒಂದು ತಂಡ ಅತಿ ಹೆಚ್ಚು ಪಂದ್ಯ ಸೋತ ವರ್ಷ ಅದು. 162 ಪಂದ್ಯದಲ್ಲಿ 41 ಗೆಲುವು, 121 ಸೋಲು. ಜುಲೈನಿಂದ ಆಗಸ್ಟ್‌ವರೆಗೆ ಒಂದೇ ಸಮನೆ 21 ಪಂದ್ಯ ಸೋತರು. ಅಳಿಯ ಆಫೀಸಿನಿಂದ ಬಂದವನೇ ಟಿವಿ ಹಾಕುತ್ತಿದ್ದ, ಮಗಳು ಅಡುಗೆ ಮನೆಯಿಂದಲೇ ‘ಎಷ್ಟರಲ್ಲಿ ಹೋಯ್ತು?’ ಅಂತ ಕೇಳುತ್ತಿದ್ದಳು. ಗೆದ್ದರಾ ಎಂದು ಕೇಳುವುದನ್ನೇ ಬಿಟ್ಟಿದ್ದಳು.

ಸೆಪ್ಟೆಂಬರ್ 24ರ ಸಂಜೆ ಅಳಿಯ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ 120 ಸೋಲಾಗಿತ್ತು. 1962ರ ನ್ಯೂಯಾರ್ಕ್ ಮೆಟ್ಸ್ ತಂಡದ ಹಳೇ ದಾಖಲೆಗೆ ಸಮ. ಇನ್ನೊಂದು ಸೋತರೆ ಇವರದೇ ದಾಖಲೆ. ನನ್ನ ಪಕ್ಕದ ಸಾಲಿನಲ್ಲಿ ನನ್ನಷ್ಟೇ ವಯಸ್ಸಿನವರೊಬ್ಬರು ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದರು. ಕೈಯೊಡ್ಡುವ ಮೊದಲೇ ನನಗೂ ಒಂದು ಹಿಡಿ ಕೊಟ್ಟರು. ಪಾವಗಡದ ಹೊಲದಲ್ಲಿ ಕೂತಂತೆ ಆಯಿತು. ನಡುನಡುವೆ ಜನರೆಲ್ಲ ಎದ್ದು ‘ತಂಡ ಮಾರು, ತಂಡ ಮಾರು’ ಎಂದು ಮಾಲೀಕರಿಗೆ ಕೇಳುವಂತೆ ಕೂಗುತ್ತಿದ್ದರು. ಆ ದಿನ ತಂಡ 3–2ರಿಂದ ಗೆದ್ದಿತು. ಮಾರನೇ ದಿನವೂ ಗೆದ್ದಿತು, ಅದರ ಮಾರನೇ ದಿನವೂ. 121ನೇ ಸೋಲು ಬಂದದ್ದು 27ರಂದು, ಪರಸ್ಥಳ ಡೆಟ್ರಾಯಿಟ್‌ನಲ್ಲಿ. ತಮ್ಮೂರಿನ ಜನರ ಕಣ್ಣೆದುರು ಆ ಸೋಲು ಬೀಳದ ಹಾಗೆ ಹುಡುಗರು ಮೂರು ದಿನ ತಡೆದಿದ್ದರು. ಆವತ್ತಿನಿಂದ ಅದು ನನ್ನ ತಂಡ.

ಇನ್ನು ಚಳಿಗಾಲದ ವಿಚಾರ. ಅಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಅಕ್ಟೋಬರ್‌ನಲ್ಲಿ ಮೇಲಿನ ತಂಡಗಳ ಕಾದಾಟ. ಆಮೇಲೆ ನಾಲ್ಕೈದು ತಿಂಗಳು ಮೈದಾನಕ್ಕೆ ಬಿಡುವು. ಆದರೆ ತಂಡ ಕಟ್ಟುವ ಕೆಲಸವೆಲ್ಲ ನಡೆಯುವುದು ಆಗಲೇ. ನಮ್ಮ ಐಪಿಎಲ್ ಹಾಗೆ ಒಂದು ದಿನ ಕೂತು ಹರಾಜು ಕೂಗುವುದಿಲ್ಲ. ಒಬ್ಬ ಆಟಗಾರ ದೊಡ್ಡ ಲೀಗಿಗೆ ಬಂದ ಮೇಲೆ ಸುಮಾರು ಆರು ವರ್ಷ ಅವನ ಹಕ್ಕು ತಂಡದ್ದು. ಆರು ತುಂಬಿದ ಮೇಲೆ ಅವನು ಸ್ವತಂತ್ರ, ಯಾರು ಹೆಚ್ಚು ಕೊಡುತ್ತಾರೋ ಅಲ್ಲಿಗೆ ಹೋಗಬಹುದು. ಅದಕ್ಕೆ ಮೊದಲು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಸೋತ ತಂಡದ ಅಭಿಮಾನಿಗೆ ಈ ತಿಂಗಳುಗಳೇ ಮುಖ್ಯ, ಯಾಕೆಂದರೆ ಅವನಿಗೆ ಆಸೆ ಹುಟ್ಟಿಸುವ ಸುದ್ದಿ ಬರುವುದಿದ್ದರೆ ಈಗಲೇ ಬರಬೇಕು.

ಮಾರಿದ್ದಾರೆ ಎಂದಿರಲ್ಲ, ಆ ಪಿಚರ್ ಹೆಸರು ಗ್ಯಾರೆಟ್ ಕ್ರೋಶೆ. ಎಡಗೈ ಎಸೆತ, ನೋಡಲು ಎರಡು ಕಣ್ಣು ಸಾಲದು. 2024ರ ಡಿಸೆಂಬರ್‌ನಲ್ಲಿ ಅವನನ್ನು ಬಾಸ್ಟನ್‌ಗೆ ಕೊಟ್ಟು ಬದಲಿಗೆ ನಾಲ್ವರು ಎಳೆಯರನ್ನು ತಂದರು. ನೀವು ತೆಂಗಿನವರು, ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ತೋಟವೆಲ್ಲ ಒಣಗಿದೆ, ಒಂದು ಮರ ಮಾತ್ರ ಗೊನೆಗೊನೆ ಬಿಡುತ್ತಿದೆ. ಆ ಮರದ ಫಸಲೂ ನಿಮಗೆ ಇನ್ನು ಎರಡೇ ವರ್ಷ. ಕ್ರೋಶೆ ಮೇಲೆ ಶಿಕಾಗೊ ತಂಡಕ್ಕಿದ್ದ ಹಕ್ಕು ಅಷ್ಟೇ. ಆ ಎರಡು ವರ್ಷದಲ್ಲಿ ಮಿಕ್ಕ ತೋಟ ಚಿಗುರುವುದಿಲ್ಲ ಎಂದು ಗೊತ್ತಿದ್ದಾಗ, ಫಸಲಿನ ಹಕ್ಕು ಕೊಟ್ಟು ನಾಲ್ಕು ಗಟ್ಟಿ ಸಸಿ ತರುವುದು ತಪ್ಪಲ್ಲ. ಮೇಲಾಗಿ ಬೇಸ್‌ಬಾಲ್‌ನಲ್ಲಿ ಮೊದಲು ಎಸೆಯುವ ಪಿಚರ್ ಐದು ದಿನಕ್ಕೊಮ್ಮೆ ಮಾತ್ರ ಇಳಿಯುತ್ತಾನೆ. 2024ರಲ್ಲಿ ಕ್ರೋಶೆ 32 ಪಂದ್ಯಕ್ಕೆ ಇಳಿದು 209 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಒಳ್ಳೆಯ ಎಸೆತ ಹೊಡೆಯಲಾಗದೆ ಬ್ಯಾಟರ್ ಔಟಾಗುವುದು. ಆದರೂ ತಂಡ 121 ಸೋತಿತು. ಬಾಸ್ಟನ್‌ನಲ್ಲಿ 2025ರಲ್ಲಿ ಅವನು 18 ಪಂದ್ಯ ಗೆಲ್ಲಿಸಿದ್ದು, 255 ಸ್ಟ್ರೈಕ್‌ಔಟ್ ಮಾಡಿದ್ದು ನೋಡಿ ಹೊಟ್ಟೆ ಉರಿಯಿತು, ನಿಜ. ಆದರೆ ಅಲ್ಲಿಂದ ಬಂದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕೈಲ್ ಟೀಲ್, ಒಳಅಂಗಳದ ಫೀಲ್ಡರ್ ಚೇಸ್ ಮೈಡ್ರಾತ್ ಇಬ್ಬರೂ ಅದೇ ವರ್ಷ ದೊಡ್ಡ ತಂಡದಲ್ಲಿ ಬೇರು ಬಿಟ್ಟರು. ಸೋಲು 121ರಿಂದ 102ಕ್ಕೆ ಇಳಿಯಿತು. ಇಷ್ಟರ ಮಟ್ಟಿಗೆ ನಿಮ್ಮ ಮಗನ ಮಾತು ಸರಿ.

ಆದರೆ ನನ್ನ ಮನಸ್ಸು ಹೆಚ್ಚಾಗಿ ನಿಮ್ಮ ಸೊಸೆಯ ಕಡೆಗಿದೆ. ಕಾರಣ ಹೇಳುತ್ತೇನೆ. ‘ಕಾಯಿರಿ’ ಎಂದು ಈ ತಂಡ ಹೇಳುತ್ತಿರುವುದು ಇದೇ ಮೊದಲಲ್ಲ. 2016ರ ಡಿಸೆಂಬರ್‌ನಲ್ಲೂ ಕ್ರಿಸ್ ಸೇಲ್ ಎಂಬ ಇಂಥದೇ ಎಡಗೈ ಪಿಚರನ್ನು ಇದೇ ಬಾಸ್ಟನ್‌ಗೆ ಕೊಟ್ಟು ಎಳೆಯರನ್ನು ತಂದಿದ್ದರು. ಜನ ಕಾದರು. 2021ರಲ್ಲಿ 93 ಪಂದ್ಯ ಗೆದ್ದು ಗುಂಪಿನಲ್ಲಿ ಮೊದಲಿಗರಾದರು. ಗೊನೆ ಬಿಡುವ ಆ ಹೊತ್ತಿಗೇ ಬುಡಕ್ಕೆ ನೀರು ಹಾಯಿಸುವುದು ನಿಂತಿತು. 2023ರಲ್ಲಿ 101 ಸೋಲು. ದೇಶದ ಮೂರನೇ ದೊಡ್ಡ ಊರಿನ ತಂಡ ಇದು. ಆದರೂ ಇದು ತನ್ನ ಇತಿಹಾಸದಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಐದು ವರ್ಷಕ್ಕೆ ಏಳೂವರೆ ಕೋಟಿ ಡಾಲರ್, ಬೆನಿಂಟೆಂಡಿ ಎಂಬ ಫೀಲ್ಡರ್‌ಗೆ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಟ್ಸ್ ತಂಡ ಹುವಾನ್ ಸೋಟೊ ಒಬ್ಬನಿಗೇ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟಿತು. ಅಷ್ಟು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಸಸಿ ನೆಟ್ಟವನು ಗೊಬ್ಬರಕ್ಕೆ ದುಡ್ಡಿಲ್ಲ ಎಂದರೆ ನೀವು ಒಪ್ಪುತ್ತೀರಾ?

ಇದೇ ಲೀಗಿನ ಡೆಟ್ರಾಯಿಟ್ ಟೈಗರ್ಸ್ ತಂಡ 2003ರಲ್ಲಿ 119 ಪಂದ್ಯ ಸೋತಿತ್ತು. ಕೊನೆಯ ಆರರಲ್ಲಿ ಐದು ಗೆದ್ದು 120 ತಪ್ಪಿಸಿಕೊಂಡರು. ಆ ಚಳಿಗಾಲ ಅವರು ಬರೀ ‘ಕಾಯಿರಿ’ ಎನ್ನಲಿಲ್ಲ. ಜನವರಿಯಲ್ಲಿ ಕಾರ್ಲೊಸ್ ಗಿಯೆನ್ ಎಂಬ ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್‌ನನ್ನು ಅದಲುಬದಲಿನಲ್ಲಿ ತಂದರು. ಫೆಬ್ರುವರಿಯಲ್ಲಿ ಇವಾನ್ ರೋಡ್ರಿಗಸ್ ಎಂಬ ಹೆಸರಾಂತ ಕ್ಯಾಚರ್‌ಗೆ ನಾಲ್ಕು ವರ್ಷಕ್ಕೆ ನಾಲ್ಕು ಕೋಟಿ ಡಾಲರ್ ಕೊಟ್ಟರು. ಅವನು ಹಿಂದಿನ ಅಕ್ಟೋಬರ್‌ನಲ್ಲಷ್ಟೇ ಫ್ಲೋರಿಡಾ ತಂಡದಲ್ಲಿ ವಿಶ್ವ ಸರಣಿ, ಅಂದರೆ ಲೀಗಿನ ಫೈನಲ್ ಸರಣಿ, ಗೆದ್ದಿದ್ದ. ಅಂಥವನು ಇಂಥ ತಂಡಕ್ಕೆ ಬರುತ್ತಾನೆಂದರೆ ಡ್ರೆಸಿಂಗ್ ರೂಮಿನ ಹುಡುಗರು ತಲೆ ಎತ್ತಿ ಕೂರುತ್ತಾರೆ. ಅದೇ ವರ್ಷ ಜೂನ್‌ನಲ್ಲಿ ಡ್ರಾಫ್ಟ್‌ನ (ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದು) ಎರಡನೇ ಆಯ್ಕೆಯಾಗಿ ಜಸ್ಟಿನ್ ವರ್ಲ್ಯಾಂಡರ್ ಎಂಬ ಕಾಲೇಜು ಹುಡುಗನನ್ನು ತೆಗೆದುಕೊಂಡರು. 2004, 2005ರಲ್ಲಿ ಇನ್ನೂ ಗೆಲುವಿಗಿಂತ ಸೋಲೇ ಹೆಚ್ಚು. 2006ರಲ್ಲಿ 95 ಗೆದ್ದು ವಿಶ್ವ ಸರಣಿಯ ಅಂಗಳಕ್ಕೇ ಬಂದರು. ಅಲ್ಲಿ ಸೋತರು, ಇರಲಿ. ಸಸಿಯನ್ನೂ ನೆಟ್ಟರು, ಫಲಕ್ಕೆ ಬಂದ ಮರಕ್ಕೂ ದುಡ್ಡು ಹಾಕಿದರು. ಎರಡನ್ನೂ ಒಂದೇ ವರ್ಷದಲ್ಲಿ ಶುರು ಮಾಡಿದರು. ನಾನು ವೈಟ್ ಸಾಕ್ಸ್ ಮಾಲೀಕರಿಂದ ಕೇಳುವುದು ಇಷ್ಟನ್ನೇ.

ಈ ಸಲ ಸ್ವಲ್ಪ ಆಸೆ ಇದೆ.  ಡ್ರಾಫ್ಟ್‌ನಲ್ಲಿ ಕೆಳಗಿನ ತಂಡಗಳಿಗೆ ಚೀಟಿ ಎತ್ತಿ ಸರದಿ ಕೊಡುತ್ತಾರೆ. 121 ಸೋತ ವರ್ಷ ಇವರಿಗೆ ಮೊದಲ ಸರದಿ ಸಿಗಲೇ ಇಲ್ಲ. ದೊಡ್ಡ ಆದಾಯದ ಊರಿನ ತಂಡ ಸತತ ಎರಡು ವರ್ಷ ಆ ಚೀಟಿಯಲ್ಲಿ ಇರಬಾರದೆಂಬ ನಿಯಮದಿಂದ ಹತ್ತನೆಯವರಾಗಿ ಆರಿಸಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಚೀಟಿ ಒಲಿಯಿತು, 2026ರ ಜುಲೈನಲ್ಲಿ ಮೊದಲ ಆಯ್ಕೆ ಇವರದೇ. ಮೊಮ್ಮಗನಿಗೆ ಕೋಲ್ಸನ್ ಮಾಂಟ್‌ಗೊಮರಿ ಹೆಸರು ಹೇಳಿ. 2025ರ ಜುಲೈನಲ್ಲಿ ತಂಡಕ್ಕೆ ಬಂದು 71 ಪಂದ್ಯದಲ್ಲಿ 21 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಬೇಲಿ ದಾಟಿಸುವುದು) ಹೊಡೆದ ಹುಡುಗ. ಅವನು ಅದಲುಬದಲಿನಲ್ಲಿ ಬಂದವನಲ್ಲ, ತಂಡ 2021ರಲ್ಲಿ ತಾನೇ ಆರಿಸಿ ಬೆಳೆಸಿದವನು. ಭಾನುವಾರ ಫೋನಿನಲ್ಲಿ ನೀವೇ ಮೊದಲು ಆ ಹೆಸರು ತೆಗೆದರೆ ಮಗು ಕುಣಿದಾಡುತ್ತಾನೆ.

ಪ್ರಶ್ನೆ: ಸರ್, ವೈಟ್ ಸಾಕ್ಸ್ ಜಪಾನಿನ ಮುರಕಾಮಿಗೆ ಎರಡು ವರ್ಷಕ್ಕೆ 3.4 ಕೋಟಿ ಡಾಲರ್ ಕೊಟ್ಟಿದೆ. ಅವನು ಸಿಕ್ಕಾಪಟ್ಟೆ ಸ್ಟ್ರೈಕ್‌ಔಟ್ ಆಗ್ತಾನೆ ಅಂತ ನನ್ನ ರೂಮ್‌ಮೇಟ್ ಹೇಳ್ತಾನೆ. ದುಡ್ಡು ದಂಡ ಅಲ್ವಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ದಂಡ ಅಲ್ಲಪ್ಪ. ಮುನೆತಕ ಮುರಕಾಮಿ 2022ರಲ್ಲಿ ಜಪಾನಿನಲ್ಲಿ 56 ಹೋಮ್ ರನ್ ಹೊಡೆದವನು. ಅಲ್ಲಿಯವರೆಗೆ ಜಪಾನಿನಲ್ಲಿ ಹುಟ್ಟಿದ ಆಟಗಾರನೊಬ್ಬ ಒಂದು ಋತುವಿನಲ್ಲಿ ಹೊಡೆದ ದಾಖಲೆ ಸಡಹರು ಓ ಅವರ 55. ಅದು 1964ರಿಂದ ನಿಂತಿತ್ತು. ನಿನ್ನ ರೂಮ್‌ಮೇಟ್ ಹೇಳಿದ್ದೂ ಸುಳ್ಳಲ್ಲ. ಅವನ ಬ್ಯಾಟು ಗಾಳಿ ಹೊಡೆಯುವುದು ಹೆಚ್ಚು, ಅಮೆರಿಕದ ವೇಗ ಇನ್ನೂ ಜಾಸ್ತಿ. ಆ ಅನುಮಾನ ಇದ್ದದ್ದರಿಂದಲೇ ಅವನು ಈ ಬೆಲೆಗೆ ಸಿಕ್ಕ. ಅನುಮಾನ ಇಲ್ಲದವನು ಸೋಲುವ ತಂಡಕ್ಕೆ ಸಿಗುವುದಿಲ್ಲ.

ಖರೀದಿಯ ದಿನವೇ ತೀರ್ಪು ಕೊಡುವುದನ್ನು ನಾನು ಬಿಟ್ಟಿದ್ದೇನೆ. 2024ರ ನವೆಂಬರ್‌ನಲ್ಲಿ ಐಪಿಎಲ್ ಹರಾಜಾದಾಗ ಆರ್‌ಸಿಬಿ ಕೆ.ಎಲ್. ರಾಹುಲ್ ಅವರನ್ನು ಕೊಳ್ಳದೆ ಬಿಟ್ಟಿತು ಎಂದು ನಮ್ಮ ರಸ್ತೆಯಲ್ಲಿ ಬೈಯದವರಿಲ್ಲ, ನಾನೂ ಬೈದೆ. ಕೃಣಾಲ್ ಪಾಂಡ್ಯಗೆ 5.75 ಕೋಟಿ ಯಾಕೆ ಎಂದೂ ಕೇಳಿದೆ. 2025ರ ಜೂನ್ 3ರ ಫೈನಲ್‌ನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತು ಪಂದ್ಯಪುರುಷನಾದವನು ಅದೇ ಕೃಣಾಲ್.

ಮುರಕಾಮಿ ವಿಚಾರದಲ್ಲಿ ನನ್ನ ಚಿಂತೆ ಬೇರೆ. ಒಪ್ಪಂದ ಎರಡೇ ವರ್ಷದ್ದು. ಚೆನ್ನಾಗಿ ಹೊಡೆದರೆ, ತಂಡ ಕೆಳಗೇ ಇದ್ದರೆ, ನಡುವೆಯೇ ಅವನನ್ನೂ ಕೊಟ್ಟು ಇನ್ನಷ್ಟು ಎಳೆಯರನ್ನು ತಂದುಬಿಟ್ಟಾರು. ಹಾಗೆ ಮಾಡಿದರೆ ನೊಣವಿನಕೆರೆಯವರ ಸೊಸೆಯ ಜೊತೆ ನಾನೂ ದನಿಗೂಡಿಸುತ್ತೇನೆ.

ಪ್ರಶ್ನೆ: ನಮ್ಮ ಕಬಡ್ಡಿ ಬಿಟ್ಟು ಅಮೆರಿಕದ ಆಟ ನಮಗ್ಯಾಕೆ ಮೇಷ್ಟ್ರೇ? ಬೆಂಗಳೂರು ಬುಲ್ಸ್ ಹೀನಾಯವಾಗಿ ಸೋತಾಗ ಒಂದೇ ವರ್ಷದಲ್ಲಿ ಸರಿಯಾಯ್ತಲ್ಲ. ಇವರಿಗೇನು ಕಷ್ಟ?
– ಗುಬ್ಬಿ ತಾಲ್ಲೂಕಿನ ಹಳೇ ರೈಡರ್

ಉತ್ತರ: ಕಬಡ್ಡಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. 2024ರ ಪ್ರೊ ಕಬಡ್ಡಿಯಲ್ಲಿ ಬುಲ್ಸ್ 22 ಪಂದ್ಯದಲ್ಲಿ ಎರಡೇ ಗೆದ್ದು ಕೊನೆಗೆ ಬಿತ್ತು. ಮುಂದಿನ ಋತುವಿಗೆ ನಮ್ಮವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು, ತಂಡ ಪ್ಲೇ ಆಫ್‌ಗೆ ಹೋಯಿತು. ಕಬಡ್ಡಿಯಲ್ಲಿ ಅಂಗಳಕ್ಕಿಳಿಯುವವರು ಏಳು ಜನ. ಒಬ್ಬ ರೈಡರ್, ಒಬ್ಬ ಕಾರ್ನರ್ ಕುದುರಿದರೆ ಆಟವೇ ಬದಲು. ಬೇಸ್‌ಬಾಲ್‌ನಲ್ಲಿ ಎಂಥ ಬ್ಯಾಟರ್ ಆದರೂ ಒಂಬತ್ತು ಜನರಲ್ಲಿ ತನ್ನ ಸರದಿ ಬರುವವರೆಗೆ ಕೂರಲೇಬೇಕು, ಮೊದಲು ಎಸೆಯುವ ಪಿಚರ್ ಎಂಥವನಾದರೂ ಐದು ದಿನಕ್ಕೊಮ್ಮೆಯೇ ಇಳಿಯಬೇಕು. ನಮ್ಮಲ್ಲಿ ಒಂದು ಒಳ್ಳೆಯ ಹರಾಜು ಮಾಡುವ ಕೆಲಸಕ್ಕೆ ಅಲ್ಲಿ ಮೂರು ಚಳಿಗಾಲ ಬೇಕು.

ಪ್ರಶ್ನೆ: ಸರ್, ನಾನು ಹತ್ತನೇ ಕ್ಲಾಸು, ಶಾಲೆ ಸಾಫ್ಟ್‌ಬಾಲ್ ತಂಡದ ಪಿಚರ್. ಜಿಲ್ಲಾ ಮಟ್ಟದಲ್ಲಿ ಸೋತೆವು. ಮುಂದಿನ ಸಲ ಗೆಲ್ಲಲೇಬೇಕು ಅಂತ ದಿನಾ ನೂರು ಎಸೆತ ಹಾಕ್ತಿದೀನಿ. ಈಗ ಭುಜದ ಮುಂದೆ ನೋವು. ಇನ್ನೂ ಹೆಚ್ಚು ಹಾಕಿದರೆ ಸರಿಯಾಗುತ್ತಾ?
– ವಿದ್ಯಾರ್ಥಿನಿ, ಮಧುಗಿರಿ ತಾಲ್ಲೂಕು

ಉತ್ತರ: ಇಲ್ಲ ಮಗಳೇ. ಇವತ್ತೇ ನಿಲ್ಲಿಸು. ಅಮ್ಮನಿಗೆ ಹೇಳಿ ಮೂಳೆ ಡಾಕ್ಟರಿಗೆ ತೋರಿಸು.

ಕೈ ಕೆಳಗಿನಿಂದ ಎಸೆಯುವ ಆಟ, ಭುಜಕ್ಕೆ ಏನೂ ಆಗಲ್ಲ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಬಿಡುವಾಗ ಭುಜದ ಮುಂಭಾಗಕ್ಕೂ ತೋಳಿನ ಮೇಲಿನ ಸ್ನಾಯುವಿಗೂ ಜೋರು ಎಳೆತ ಬೀಳುತ್ತದೆ. ನಿನ್ನ ತಾಲ್ಲೂಕಿನಲ್ಲೇ ನಾನು ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗಿ ಇದ್ದಳು. ಅಷ್ಟು ಒಳ್ಳೆಯ ಪಿಚರನ್ನು ನಾನು ಮತ್ತೆ ಕಂಡಿಲ್ಲ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಂದೇ ದಿನ ಮೂರು ಪಂದ್ಯ, ಮೂರರಲ್ಲೂ ಅವಳ ಕೈಯಲ್ಲೇ ಎಸೆಸಿದೆ. ಎರಡನೇ ಪಂದ್ಯದ ಕೊನೆಗೆ ಅವಳು ಕೈ ಉಜ್ಜಿಕೊಳ್ಳುತ್ತಿದ್ದದ್ದು ಕಂಡಿತ್ತು. ಗೆದ್ದೆವು. ಮುಂದಿನ ವರ್ಷ ಅವಳಿಗೆ ಜಡೆ ಹಾಕಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ. ಆ ಟ್ರೋಫಿ ನೆನಪಾದರೆ ಈಗಲೂ ಸಂಕಟವಾಗುತ್ತದೆ. ತಪ್ಪು ಅವಳದಲ್ಲ, ನನ್ನದು.

ಮೇಲೆ ಹೇಳಿದ ಕ್ರೋಶೆಗೆ 2022ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಗಿತ್ತು. 2024ರಲ್ಲಿ ತಂಡ ದಿನಾ ಸೋಲುತ್ತಿದ್ದರೂ ಜುಲೈ ನಂತರ ಅವನಿಗೆ ನಾಲ್ಕು ಇನಿಂಗ್ಸ್ (ಅಲ್ಲಿ ಒಂದು ಪಂದ್ಯಕ್ಕೆ ಒಂಬತ್ತು) ಮೀರಿ ಎಸೆಯಲು ಬಿಡಲಿಲ್ಲ. ಆಗ ಟಿವಿ ಮುಂದೆ ಕೂತು ‘ಇನ್ನೊಂದು ಇನಿಂಗ್ಸ್ ಕೊಡಿ’ ಎನ್ನುತ್ತಿದ್ದ ಅಳಿಯನಿಗೆ ನಾನು ಈ ಹುಡುಗಿಯ ಕಥೆ ಹೇಳಿದೆ. ಆ ತಂಡ ಮಾಡಿದ ಒಳ್ಳೆಯ ಕೆಲಸ ಅದು.

ನಿನಗೀಗ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅಲ್ಲಿಯವರೆಗೆ ಚೆಂಡು ಮುಟ್ಟಬೇಡ. ಡಾಕ್ಟರು ಒಪ್ಪಿದರೆ ಕಾಲಿನ ಬಲಕ್ಕೆ ಓಟ, ಮೆಟ್ಟಿಲು ಹತ್ತುವುದು ಮಾಡು. ಎಸೆತದ ಜೋರು ಹುಟ್ಟುವುದು ಕಾಲು, ಸೊಂಟದಿಂದ. ಮತ್ತೆ ಶುರು ಮಾಡುವಾಗ ಇಪ್ಪತ್ತು ಎಸೆತದಿಂದ, ದಿನ ಬಿಟ್ಟು ದಿನ. ನಿಮ್ಮ ಮೇಷ್ಟ್ರಿಗೆ ಈ ಪುಟ ತೋರಿಸಿ ಇನ್ನೊಬ್ಬ ಪಿಚರನ್ನು ತಯಾರು ಮಾಡಿ ಎಂದು ಕೇಳು. ಕೇಳಲು ಹೆದರಿಕೆಯಾದರೆ ನನಗೆ ಮತ್ತೆ ಬರೆ, ನಾನೇ ಬಂದು ಮಾತಾಡುತ್ತೇನೆ.

ಪ್ರಶ್ನೆ: ಈಗಿನ ಪೋಪ್ ವೈಟ್ ಸಾಕ್ಸ್ ಅಭಿಮಾನಿ ಎನ್ನುವುದು ನಿಜವೇ?
– ಓದುಗರು, ಶಿರಾ

ಉತ್ತರ: ನಿಜ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ಅವರು ಹುಟ್ಟಿದ್ದು ಶಿಕಾಗೊದಲ್ಲಿ. 2005ರಲ್ಲಿ ಈ ತಂಡ 88 ವರ್ಷದ ನಂತರ ವಿಶ್ವ ಸರಣಿ ಗೆದ್ದಿತಲ್ಲ, ಅದರ ಮೊದಲ ಪಂದ್ಯಕ್ಕೆ ಅವರು ಮೈದಾನದಲ್ಲಿದ್ದರು.

ಪ್ರಶ್ನೆ: ಮೊಬೈಲ್‌ನಲ್ಲಿ ಪಂದ್ಯ ನೋಡೋಣ ಅಂದರೆ ನಮ್ಮ ಟೈಮಿಗೆ ಎಷ್ಟು ಗಂಟೆಗೆ ಬರುತ್ತೆ?
– ಹಾಲು ಉತ್ಪಾದಕ, ಕೊರಟಗೆರೆ

ಉತ್ತರ: ಶಿಕಾಗೊದಲ್ಲಿ ಸಂಜೆ 6:40ಕ್ಕೆ ಶುರುವಾದರೆ ಬೇಸಿಗೆಯಲ್ಲಿ ನಮಗೆ ಮಾರನೇ ಬೆಳಿಗ್ಗೆ 5:10. ಹಾಲು ಕರೆಯಲು ಕೂರುವಾಗ ಮೊದಲ ಎಸೆತ. ಡೇರಿಗೆ ಹಾಕಿ ಬಂದು ಕಾಫಿ ಹಿಡಿದು ಕೂತರೆ ನಾಲ್ಕನೇ ಇನಿಂಗ್ಸ್ ನಡೆಯುತ್ತಿರುತ್ತದೆ. ಮಾರ್ಚ್ ಕೊನೆಗೆ ಶುರು. ಮಾಂಟ್‌ಗೊಮರಿ ಎಡಗೈ ಬ್ಯಾಟು, ಅವನ ಸರದಿ ಬಂದಾಗ ಹಸುವಿಗೆ ಹುಲ್ಲು ಹಾಕಲು ಏಳಬೇಡಿ.